ನನ್ನ ನಾಯಕಿಗೆ ಬಂದ ಸಂಬಂಧ

ಕೆಲಸ ಮಾಡದೇ ಇರುವುದಕ್ಕೆ ಕಾದಂಬರಿಕಾರರಿಗೆ ಸಿಗುವಷ್ಟು ಮರ್ಯಾದಸ್ಥ ನೆಪಗಳು ಬೇರೆ ಯಾವ ಕಸುಬಿನವರಿಗೂ ಸಿಗುವುದಿಲ್ಲ. ಬಡಗಿ ಉಳಿ ಕೆಳಗಿಟ್ಟು ಅಡ್ಡಾದರೆ ಸೋಮಾರಿ ಅನ್ನುತ್ತಾರೆ. ನಾನು ಅಡ್ಡಾದರೆ ಚಿಂತನೆ ನಡೆದಿದೆ ಎಂದು ಮನೆಯವರು ಸದ್ದಾಗದಂತೆ ಓಡಾಡುತ್ತಾರೆ. ಈ ಸವಲತ್ತನ್ನು ನಾನು ಮನಸಾರೆ ಅನುಭವಿಸಿದ್ದೇನೆ. ಅದರಲ್ಲೂ ಮೂರನೆಯ ಕಾದಂಬರಿ ಅರ್ಧಕ್ಕೆ ನಿಂತಾಗ, ಸ್ಫೂರ್ತಿ ತಾನಾಗಿ ಬರುವುದಿಲ್ಲ, ನನಗೆ ನಾನೇ ಸ್ವಲ್ಪ ಉಪಚಾರ ಮಾಡಿಕೊಂಡರೆ ಬಂದೀತು ಎಂದು ತೀರ್ಮಾನಿಸಿದೆ. ಪುಸ್ತಕ, ಹಾಡು, ಸಿನಿಮಾ.

ಕಾದಂಬರಿ ನಿಂತದ್ದು ಬಬಲೇಶ್ವರದ ಬಸ್ ಸ್ಟ್ಯಾಂಡಿನಲ್ಲಿ. ನನ್ನ ನಾಯಕಿ ನೀಲಾ ತಂದೆತಾಯಿ ಇಲ್ಲದವಳು. ಅಣ್ಣನ ಮನೆಯಲ್ಲಿ ದುಡಿಯುತ್ತಲೇ ಮದುವೆಯ ವಯಸ್ಸು ದಾಟಿದವಳು. ಒಂದು ಬೆಳಿಗ್ಗೆ ಅತ್ತಿಗೆಯ ಮಾತು ತಡೆಯಲಾರದೆ ಚೀಲ ಹಿಡಿದು ಹೊರಬಿದ್ದು ಅಲ್ಲಿಗೆ ಬಂದಳು. ಮುಂದೆ ಯಾವ ಬಸ್ಸು ಹತ್ತಬೇಕೆಂಬುದು ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಮೊದಲು ಸ್ಟೇಷನ್ ರಸ್ತೆಗೆ ಹೋಗಿ ಹೊರಲಾರದಷ್ಟು ಪುಸ್ತಕ ತಂದೆ. ಅವುಗಳಲ್ಲಿ ಚೆನ್ನಾಗಿದ್ದವು ಹೊಟ್ಟೆಕಿಚ್ಚು ತಂದವು, ಉಳಿದವು ನಿದ್ದೆ ತಂದವು. ಬ್ಯಾಂಕಿನಿಂದ ಬಂದ ನಮ್ಮವರು ಚಪ್ಪಲಿ ಬಿಡುತ್ತಲೇ, "ಇವತ್ತರ ಬಂತೇನು ಸ್ಫೂರ್ತಿ?" ಎಂದು ಗ್ಯಾಸ್ ಸಿಲಿಂಡರನ್ನು ವಿಚಾರಿಸುವ ದನಿಯಲ್ಲಿ ಕೇಳುತ್ತಿದ್ದರು. ಆಮೇಲೆ ಇಯರ್‌ಫೋನ್ ತಂದು ಹಾಡು ಹಚ್ಚಿದೆ. ಹಾಡಿನಲ್ಲಿ ಕರಗಿ ಅಡಿಗೆಮನೆಯಲ್ಲಿ ನಿಂತಿದ್ದಾಗ ಅತ್ತೆ ಬಂದು ಭುಜ ಅಲ್ಲಾಡಿಸಿದರು.

"ಹಾಲು ಉಕ್ಕಿ ಕಟ್ಟಿ ತುಂಬ ಹರದೈತಿ, ನೀ ಕಣ್ಣು ಮುಚ್ಚಿ ತಲಿ ತೂಗಾಕತ್ತೀಯಲ್ಲ ಬೇ! ಅಂಥಾದ್ದೇನೈತಿ ಅದರಾಗ? ಇಲ್ಲಿ ಕೊಡು ನೋಡೋಣು."

ಒಂದು ತುದಿ ಅವರ ಕಿವಿಗೆ ಹೋಯಿತು, ಇನ್ನೊಂದು ನನ್ನ ಕಿವಿಯಲ್ಲಿ ಉಳಿಯಿತು. ಅಂದಿನಿಂದ ಅತ್ತೆ ಸೊಸೆ ಒಂದೇ ವಯರಿಗೆ ಕಟ್ಟಿದ ಎತ್ತುಗಳಂತೆ ಸೋಫಾದ ಮೇಲೆ ಕೂತು ತಲೆ ತೂಗತೊಡಗಿದೆವು. ನಮ್ಮ ಜಲನಗರ ಬಡಾವಣೆಯಲ್ಲಿ ಇಷ್ಟು ಹೊಂದಾಣಿಕೆಯ ಅತ್ತೆ ಸೊಸೆ ಇಲ್ಲ ಎಂದು ಹೆಸರಾಯಿತು. ಕಾದಂಬರಿ ಮಾತ್ರ ಒಂದು ಸಾಲೂ ಕದಲಲಿಲ್ಲ.

ಉಳಿದದ್ದು ಸಿನಿಮಾ. ನಾನು ಮ್ಯಾಟಿನಿಗೆ ಹೊರಟರೆ ಅತ್ತೆ, "ಒಬ್ಬಾಕೀನ ಹೊಂಟೀಯೇನು? ತಡಿ, ಸೀರಿ ಬದಲಿ ಮಾಡ್ತೀನಿ" ಅಂದರು. ಪರದೆಯ ಮೇಲಿನ ನಾಯಕನಿಗೆ, "ಹಿಂದ ನೋಡೋ ಯಪ್ಪಾ, ಹಿಂದ!" ಎಂದು ಕೂಗಿ ಇಡೀ ಸಾಲನ್ನು ನಗಿಸಿದರು. ತಿರುಗಿ ಬರುವಾಗ ಆಟೋದಲ್ಲಿ, "ಹಿಂಗ ಯಾಕ ಸಿನಿಮಾ ನೋಡಾಕತ್ತೀ?" ಎಂದು ಕೇಳಿದರು. ನೀಲಾಳ ಸಲುವಾಗಿ ಅಂದೆ. ಯಾವ ನೀಲಾ ಅಂದರು. ಹೇಳಿದೆ. ಆ ಆಟೋದ ಗದ್ದಲದಲ್ಲಿ ನೀಲಾಳ ಕಷ್ಟವೆಲ್ಲ ಅತ್ತೆಯ ಕಿವಿಗೆ ಬಿತ್ತು, 'ಕಾದಂಬರಿ' ಎಂಬ ಒಂದು ಶಬ್ದ ಮಾತ್ರ ಬೀಳಲಿಲ್ಲ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, "ಇನ್ನೂ ಅಲ್ಲೇ ನಿಂತಾಳೇನು ಪಾಪ?" ಅಂದರು. "ಅಲ್ಲೇ ನಿಂತಾಳ್ರಿ ಅತ್ತ್ಯಾರ" ಅಂದೆ. ನನ್ನ ಪಾತ್ರಕ್ಕೆ ಒಬ್ಬರು ಅತ್ತರಲ್ಲ ಎಂದು ಆ ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ.

ಮುಂದಿನ ವಾರ ತಿಕೋಟಾದಲ್ಲಿ, ಅತ್ತೆಯ ತಂಗಿಯ ಮನೆಯಲ್ಲಿ ಕೂಸಿಗೆ ಹೆಸರಿಡುವ ಕಾರ್ಯಕ್ರಮವಿತ್ತು. ಹೋಳಿಗೆ ಉಂಡು ಕೈ ತೊಳೆಯುತ್ತಿದ್ದೆ. ಕಾಖಂಡಕಿಯಿಂದ ಬಂದಿದ್ದ ಕಸ್ತೂರಕ್ಕ ಎಂಬ ದೂರದ ಸಂಬಂಧಿ ನನ್ನನ್ನು ಮೂಲೆಗೆ ಕರೆದರು.

"ನಿಮ್ಮ ಅತ್ತಿ ಎಲ್ಲಾ ಹೇಳ್ಯಾರ್ರಿ. ಆ ನೀಲಾ ಅನ್ನಾಕಿಗೆ ನಮ್ಮ ಮೈದುನನ್ನ ಮಾಡಬಹುದಲ್ಲರಿ? ಹೈಸ್ಕೂಲಿನ್ಯಾಗ ಡ್ರಿಲ್ ಮಾಸ್ತರ ಅದಾನ. ಹೆಂಡ್ತಿ ತೀರಿಕೊಂಡು ಭಾಳ ವರ್ಷಾತು. ಎಷ್ಟು ಬಡಕೊಂಡರೂ ಇನ್ನೊಂದು ಮದುವಿ ಒಲ್ಲೆ ಅಂತಾನ. ಇಂಥಾಕಿ ಸುದ್ದಿ ಕೇಳಿದರ ಮನಸ್ಸು ಕರಗೀತು."

ಸುತ್ತ ಹೆಂಗಸರೆಲ್ಲ ಲೊಚಗುಟ್ಟುತ್ತಿದ್ದರು. ಒಬ್ಬಳು ನೀಲಾಳ ಅತ್ತಿಗೆಗೆ ಶಾಪ ಹಾಕುತ್ತಿದ್ದಳು. ನಾನು ಅಲ್ಲೇ ನಿಜ ಹೇಳಬೇಕಿತ್ತು. ಆದರೆ ನನ್ನ ಹಿಂದಿನ ಎರಡು ಕಾದಂಬರಿಗಳಿಗೆ ಯಾರೂ ಹೀಗೆ ಲೊಚಗುಟ್ಟಿರಲಿಲ್ಲ. ಆ ಸುಖಕ್ಕೆ ನಾಲಿಗೆ ಸಡಿಲಾಗಿ, "ನೋಡೋಣ್ರಿ ಕಸ್ತೂರಕ್ಕ" ಅಂದುಬಿಟ್ಟೆ.

ನಾಲ್ಕು ದಿನದಲ್ಲಿ ಫೋನು ಬಂತು. ಮಾಸ್ತರರು ಒಪ್ಪಿದ್ದರು. ಒಪ್ಪಿದ್ದಷ್ಟೇ ಅಲ್ಲ, ಮನೆಗೆ ಬಣ್ಣವನ್ನೂ ಹಚ್ಚಿಸಿದ್ದರು! ನಾನು ಬೆವೆತು ಅತ್ತೆಗೆ ನಿಜ ಹೇಳಿದೆ. "ಹುಟ್ಟದಾಕಿ ಸಲುವಾಗಿ ನನ್ನ ಅಳಿಸಿದೆಲ್ಲ ಬೇ!" ಎಂದು ಅವರು ಮೊದಲು ಸಿಟ್ಟಾದರು. ಆಮೇಲೆ ಗಂಭೀರವಾಗಿ, "ಒಂದು ಗಂಡಸಿನ ಮನಸ್ಸಿನ ಪ್ರಶ್ನೆ ಐತಿ. ಫೋನಿನ್ಯಾಗ ಹೇಳೂ ಮಾತಲ್ಲ. ನಡಿ ಕಾಖಂಡಕಿಗೆ" ಅಂದರು.

ಬಸ್ಸು ಬಬಲೇಶ್ವರದಲ್ಲಿ ನಿಂತಾಗ ನಾನು ಕಿಟಕಿಯ ಹೊರಗೆ ನೋಡಲಿಲ್ಲ. ಕಾಖಂಡಕಿಯ ಆ ಮನೆ ತಿಳಿ ನೀಲಿ ಬಣ್ಣದಲ್ಲಿ ಹೊಳೆಯುತ್ತಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ ಮಾಸ್ತರರು ಕೈಕಟ್ಟಿ ನಿಂತಿದ್ದರು. ಮಕ್ಕಳನ್ನು ಬಿಸಿಲಲ್ಲಿ ಓಡಿಸುವ ಮನುಷ್ಯ ನಮ್ಮೆದುರು ಎಡಗಾಲು ಬಲಗಾಲು ಮರೆತವರಂತಿದ್ದರು. ಕಸ್ತೂರಕ್ಕ ಚುರುಮುರಿ, ಮಿರ್ಚಿ ಭಜಿ ತಂದಿಟ್ಟರು. ನಾನು ತಟ್ಟೆ ಮುಟ್ಟದೆ ಶುರು ಮಾಡಿದೆ.

"ಮಾಸ್ತರ, ನೀಲಾ ಅನ್ನಾಕಿ ಇಲ್ಲರಿ."

ಅವರ ಮುಖ ಬಿಳಿಚಿತು. "ತೀರಿಕೊಂಡರೇನ್ರಿ?"

"ಇಲ್ಲರಿ, ಹುಟ್ಟೇ ಇಲ್ಲ. ಆಕಿ ನನ್ನ ಕಾದಂಬರಿಯಾಗಿನಾಕಿ."

"ಹಂಗಾರ ಬಣ್ಣ ಹಚ್ಚಿದ್ದು?" ಎಂದು ಕಸ್ತೂರಕ್ಕ ಗೋಡೆ ನೋಡಿದರು. ಮಾಸ್ತರರು ಕುರ್ಚಿ ಎಳೆದು ಕೂತರು. ಬೈಯುತ್ತಾರೆ ಎಂದು ಕಾದೆ. ಅವರು ಬೈಯಲಿಲ್ಲ.

"ಒಂದು ಮಾತು ಕೇಳಲೇನ್ರಿ? ಆಕಿ ಇನ್ನೂ ಬಸ್ ಸ್ಟ್ಯಾಂಡಿನ್ಯಾಗ ಅದಾಳೇನು?"

"ಅದಾಳ್ರಿ."

"ಯಾವಾಗಿಂದ?"

"ದೀಪಾವಳಿಗಿಂತ ಮೊದಲ ಬಂದು ನಿಂತಾಳ್ರಿ." ಆಗ ಯುಗಾದಿ ಮುಗಿದಿತ್ತು.

"ಹೆಣ್ಣುಮಗಳನ್ನ ಅಷ್ಟು ದಿನಾ ಅಲ್ಲಿ ನಿಲ್ಲಿಸಿ ನೀವೇನ್ ಮಾಡಾಕತ್ತಿದ್ರಿ?"

ಹಾಡು ಕೇಳುತ್ತಿದ್ದೆ, ಸಿನಿಮಾ ನೋಡುತ್ತಿದ್ದೆ ಎಂದು ಹೇಳಲಾಗದೆ ಇಡೀ ಮಿರ್ಚಿಯೊಂದನ್ನು ಬಾಯಿಗಿಟ್ಟುಕೊಂಡೆ. ಕಣ್ಣಲ್ಲಿ ನೀರು ಬಂತು. ಅದನ್ನು ಪಶ್ಚಾತ್ತಾಪ ಎಂದು ತಿಳಿದರೋ ಏನೋ, ಅವರ ದನಿ ಮೆತ್ತಗಾಯಿತು. "ಬಸ್ ಹತ್ತಿಸ್ರಿ ಮೊದಲ. ಎಲ್ಲಿಗರ ಹೋಗಲಿ. ಆಕಿ ಒಬ್ಬಾಕೀನ ಮನಿ ಬಿಟ್ಟು ಬಂದಳು ಅಂತ ಕೇಳಿದ ಮ್ಯಾಲೆ ನನಗೂ ಈ ಕತ್ತಲಿ ಬಿಟ್ಟು ಹೊರಗ ಬರಬೇಕು ಅನಸ್ತು ನೋಡ್ರಿ. ಅದಕ್ಕ ಬಣ್ಣ ಹಚ್ಚಿಸಿದೆ. ಬಣ್ಣ ಇರಲಿ ಬಿಡ್ರಿ."

ನಾನು ನೀರಿನ ಲೋಟಕ್ಕೆ ಕೈ ಹಾಕಿದೆ. ಅತ್ತೆ ನಡುವೆ ಬಾಯಿ ಹಾಕಿದರು. "ಇರೋದೇನು ಬಂತು? ಬಣ್ಣ ಹಚ್ಚಿದ ಮನಿ ಖಾಲಿ ಬಿಡಬಾರದು. ಖರೇನ ಹುಟ್ಟಿದಾಕಿನ್ನ ನಾ ಹುಡುಕ್ತೀನಿ ತಗೋರಿ."

ಮನೆಗೆ ಬಂದವಳೇ ನೀಲಾಳನ್ನು ಎದುರಿಗೆ ಬಂದ ಮೊದಲ ಬಸ್ಸಿಗೆ ಹತ್ತಿಸಿದೆ. ಅತ್ತೆಯೂ ಆಡಿದ ಮಾತಿನಂತೆ ತಿಕೋಟಾದಲ್ಲಿ ನರ್ಸ್ ಆಗಿರುವ ಸರೋಜಾ ಎಂಬಾಕೆಯನ್ನು ಹುಡುಕಿದರು. ಮಾಸ್ತರರಿಗೂ ಆಕೆಗೂ ಮಾತು ಹೊಂದಿತು. ಶ್ರಾವಣದಲ್ಲಿ ಮದುವೆಯೂ ಆಯಿತು.

ಅಕ್ಷತೆ ಹಾಕಿ ಮಾತಾಡಿಸಲು ಹೋದಾಗ ಮದುಮಗಳು ನನ್ನ ಕೈ ಹಿಡಿದು ಮೆಲ್ಲಗೆ ಕೇಳಿದಳು. "ಅಕ್ಕಾರ, ಇವರು ಮೊದಲ ಯಾರೋ ನೀಲಾ ಅನ್ನಾಕಿಗೆ ಒಪ್ಪಿದ್ರಂತ. ಆಕಿ ಹೆಂಗಿದ್ಲ್ರಿ?"

ಅಂಥವಳು ಇರಲೇ ಇಲ್ಲ ಎಂದರೆ ಮುಗಿಯುತ್ತಿತ್ತು. ಆದರೆ ಹೆತ್ತ ಕರುಳು ಕೇಳಬೇಕಲ್ಲ. "ಭಾಳ ಚಂದ ಇದ್ಲು ನೋಡವ್ವ. ಆ ಕಣ್ಣು, ಆ ನಡಿಗಿ..." ಎಂದು ವರ್ಣಿಸುತ್ತ ಹೋದೆ. ಬಾಸಿಂಗದ ಕೆಳಗಿನ ಮುಖ ಬಾಡತೊಡಗಿತು. ಅತ್ತೆ ಹಿಂದಿನಿಂದ ಚಿವುಟಿದರು. ಗಾಬರಿಯಲ್ಲಿ, "ಆದರ ಅಡಿಗಿ ಒಂದಿಷ್ಟೂ ಬರತಿರಲಿಲ್ಲ ಬಿಡು" ಅಂದೆ. ಮುಖ ಮತ್ತೆ ಅರಳಿತು.

ನೀಲಾಳ ಕೈ ಅಡಿಗೆ ಅಮೃತದಂತಿತ್ತು. ಅವಳ ಮೇಲೆ ಅಪವಾದ ಹೊರಿಸಿದೆನಲ್ಲ ಎಂದು ಸಂಕಟವಾಗಿ, ಮರುದಿನ ಒಂದಿಡೀ ಅಧ್ಯಾಯದ ತುಂಬ ಅವಳ ಕೈಯಿಂದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ ಎಲ್ಲ ಮಾಡಿಸಿದೆ. ಯಾವ ಉಪಚಾರವೂ ಇಲ್ಲದೆ, ಒಂದೇ ಉಸಿರಿಗೆ ಬರೆದೆ. ಇಡೀ ಕಾದಂಬರಿಯಲ್ಲಿ ನಿಜವಾದ ಸ್ಫೂರ್ತಿಯಿಂದ ಬಂದ ಅಧ್ಯಾಯ ಅದೊಂದೇ. ಹಸ್ತಪ್ರತಿ ಓದಿದ ಪ್ರಕಾಶಕರು ಫೋನು ಮಾಡಿ ತುಂಬ ಹೊಗಳಿದರು. ಅದೊಂದು ಅಧ್ಯಾಯ ಮಾತ್ರ ತೆಗೆದುಬಿಡಿ ಅಂದರು.