ನಾರ್ಬರ್ಟ್ ರಿವರ್ಸ್ ಹೊಡೆದದ್ದು

ಎಲ್ಲದಕ್ಕೂ ಮೂಲ ನಿಂಬೆಹಣ್ಣಿನಷ್ಟು ದಪ್ಪದ ಒಂದು ಕಬ್ಬಿಣದ ಗುಂಡು. ಅದನ್ನು ಐಲಿ ಗಂಡನಿಗೆ ಹೇಳದೆ ಕೇಳದೆ ಮನೆಯ ಮಿನಿವ್ಯಾನಿನ ಹಿಂಭಾಗಕ್ಕೆ ಹಾಕಿಸಿಕೊಂಡು ಬಂದಿದ್ದಳು. ಮರುವಾರ ಆ ಗುಂಡಿಗೆ ಸಿಕ್ಕಿಸಲು ಒಂದು ಟ್ರೇಲರೂ ಬಂತು. ಮಡಚಿದರೆ ಬಿಳಿ ಪೆಟ್ಟಿಗೆ, ಬಿಚ್ಚಿದರೆ ನಾಲ್ಕು ಜನ ಮಲಗುವ ಗುಡಾರ.

“ಹಗುರವಾಗಿದೆ ಕಣೋ, ನಮ್ಮ ವ್ಯಾನೇ ಎಳ್ಕೊಂಡು ಹೋಗತ್ತೆ. ಈ ಸಲ ಬೇಸಗೆ ಹಬ್ಬಕ್ಕೆ ಅಪ್ಪನ ಜೊತೆ ಸರೋವರದ ದಂಡೇಲೇ ಕ್ಯಾಂಪು!” ಎಂದಳು.

ಮಿಶಿಗನ್ನಿನ ಗೇಲಾರ್ಡಿನಲ್ಲಿ ಕಟ್ಟುಹಲ್ಲು ಮಾಡಿಕೊಡುವ ಕಸುಬಿನ ನಾರ್ಬರ್ಟನ ಎದೆ ಧಸಕ್ಕೆಂದಿತು. ಐವತ್ತಮೂರು ವರ್ಷದಲ್ಲಿ ಅವನು ಸೈಕಲ್ಲಿಗೂ ಏನನ್ನೂ ಕಟ್ಟಿ ಎಳೆದವನಲ್ಲ. ಟ್ರೇಲರ್ ಇದ್ದಾಗ ರಿವರ್ಸ್ ಹೋಗಬೇಕಾದರೆ ಸ್ಟಿಯರಿಂಗನ್ನು ಉಲ್ಟಾ ತಿರುಗಿಸಬೇಕು ಎಂದು ಕೇಳಿದ ಮೇಲಂತೂ ನಿದ್ದೆಯೇ ಹಾರಿಹೋಯಿತು. ಅದಕ್ಕಿಂತ ದೊಡ್ಡ ಭಯ ಮಾವ ಟೊಯ್ವೊನದು. ನಲವತ್ತು ವರ್ಷ ಮರದ ದಿಮ್ಮಿಯ ಲಾರಿ ಓಡಿಸಿದ ಎಂಬತ್ತೊಂದರ ಮುದುಕ. ಮದುವೆಯ ದಿನ ಅಳಿಯ ಕಾರು ನಿಲ್ಲಿಸಿದ ಚಂದ ನೋಡಿ, “ಇವನು ಹಲ್ಲು ಉಜ್ಜೋದಕ್ಕೇ ಸರಿ,” ಎಂದಿದ್ದ. ಇಪ್ಪತ್ತಾರು ವರ್ಷ ಕಳೆದರೂ ಆ ಮಾತನ್ನು ವಾಪಸು ತೆಗೆದುಕೊಂಡಿರಲಿಲ್ಲ.

ಹೊರಡುವ ಬೆಳಿಗ್ಗೆ ಟ್ರೇಲರನ್ನು ಗುಂಡಿನ ಮೇಲೆ ಕೂರಿಸುತ್ತಿದ್ದಂತೆ ಎದುರುಮನೆಯ ಡೆಲ್ಮರ್ ಕಾಫಿ ಹಿಡಿದು ಬಂದ.

“ಸಾಮಾನೆಲ್ಲಾ ಹಿಂದುಗಡೆ ತುಂಬಿದೀಯಾ? ಮುಗೀತು ನಿನ್ನ ಕತೆ. ಮುಂದ್ಗಡೆ ಭಾರ ಇಲ್ದಿದ್ರೆ ಇದು ಹಾವಿನ ಥರ ಹೊರಳಾಡತ್ತೆ.”

ಸಾಮಾನನ್ನೆಲ್ಲ ಟ್ರೇಲರಿನ ಮುಂಭಾಗಕ್ಕೆ ತಂದರು. ವ್ಯಾನಿನ ಹಿಂಭಾಗ ಕುಸಿದು, ಮೂತಿ ಮೇಲೆದ್ದು, ಸೀನು ಬಾರದೆ ಒದ್ದಾಡುವವನ ಹಾಗೆ ನಿಂತಿತು.

“ಅಯ್ಯೋ, ಹೀಗೆ ಹೋದ್ರೆ ಮುಂದಿನ ಚಕ್ರ ನೆಲಾನೇ ಹಿಡಿಯಲ್ಲ!” ಎಂದಳು ಡೆಲ್ಮರನ ಹೆಂಡತಿ ಬರ್ನಡೀನ್. ಅರ್ಧ ಸಾಮಾನು ಮತ್ತೆ ಹಿಂದಕ್ಕೆ ಹೋಯಿತು. “ವ್ಯಾನಿಗೆ ಕಟ್ಟಿದ ಸರಪಳಿ ಭದ್ರವಾಗಿದ್ಯಾ ನೋಡ್ಕೊ. ನಮ್ಮಣ್ಣನ ಟ್ರೇಲರು ಇಳಿಜಾರಲ್ಲಿ ಕಳಚ್ಕೊಂಡು ಅವನನ್ನೇ ಓವರ್‌ಟೇಕ್ ಮಾಡ್ತು. ಯಾವನೋ ಅವಿವೇಕಿ ಅಂತ ಇವನು ಹಾರ್ನ್ ಬೇರೆ ಹೊಡೆದಿದ್ದ.”

ನಾರ್ಬರ್ಟ್ ಸರಪಳಿಯನ್ನು ಐದು ಸಲ ಜಗ್ಗಿ ನೋಡಿದ. ಊರಿಗೆಲ್ಲ ಹಲ್ಲು ಮಾಡಿಕೊಡುವವನ ಸ್ವಂತ ಹಲ್ಲುಗಳು ಕಟಕಟ ಎನ್ನುತ್ತಿದ್ದವು.

ಹೆದ್ದಾರಿಯಲ್ಲಿ ಅವನ ಕಣ್ಣು ಕನ್ನಡಿ ಬಿಟ್ಟು ಕದಲಲಿಲ್ಲ. ಆ ಬಿಳಿ ಪೆಟ್ಟಿಗೆ ಅವನು ತಿರುಗಿದಲ್ಲಿ ತಿರುಗಿ, ನಿಧಾನಿಸಿದಲ್ಲಿ ನಿಧಾನಿಸಿ, ಪತ್ತೇದಾರನ ಹಾಗೆ ಬೆನ್ನು ಹತ್ತಿತ್ತು.

“ಉಸಿರಾಡು ನಾರ್ಬರ್ಟ್,” ಎಂದಳು ಐಲಿ, ಮಾಂಸ ಆಲೂಗಡ್ಡೆ ತುಂಬಿದ ಪ್ಯಾಸ್ಟಿ ಮೆಲ್ಲುತ್ತಾ.

“ಆಡ್ತಿದೀನಲ್ಲಾ!”

“ಬರೀ ಒಳಗೆ ಎಳ್ಕೋತಿದೀಯ. ಹೊರಗೂ ಬಿಡು.”

ಆಮೇಲೆ ಸೇತುವೆ ಬಂತು. ಐದು ಮೈಲಿ ಉದ್ದದ ಮ್ಯಾಕಿನಾ ಸೇತುವೆ. ಡಾಂಬರಿನ ಅಂಚಿನ ಪಟ್ಟಿಯಲ್ಲಿ ಬಣ್ಣ ಬಳಿಯುತ್ತಿದ್ದರು. ವಾಹನಗಳೆಲ್ಲ ಒಳಗಿನ ಕಬ್ಬಿಣದ ಜಾಲರಿಯ ಮೇಲೆಯೇ ಹೋಗಬೇಕು. ಚಕ್ರಗಳು ಹೆಜ್ಜೇನು ಎದ್ದಂತೆ ಮೊರೆದವು. ಜಾಲರಿಯ ಕಂಡಿಗಳಲ್ಲಿ, ಕೆಳಗೆ, ಬಹಳ ಕೆಳಗೆ, ಹಸಿರು ನೀರು ಕಾಣುತ್ತಿತ್ತು. ನಡುಸೇತುವೆಯಲ್ಲಿ ಪಡುವಣ ಗಾಳಿ ಒಂದೇಟು ಕೊಟ್ಟಿತು. ಕನ್ನಡಿಯೊಳಗಿನ ಪೆಟ್ಟಿಗೆ ಎಡಕ್ಕೆ ವಾಲಿ ಮಾಯವಾಯಿತು, ಬಲಗನ್ನಡಿಯಲ್ಲಿ ಇಣುಕಿತು, ಮತ್ತೆ ಎಡಕ್ಕೆ ಬಂತು.

“ಬ್ರೇಕ್ ಹಾಕು! ಬ್ರೇಕ್ ಹಾಕು!” ಐಲಿಯ ಕೈಯ ಪ್ಯಾಸ್ಟಿ ಕಿಟಕಿಗೆ ಬಡಿಯಿತು.

ಬ್ರೇಕ್ ಹಾಕಲು ಕಾಲಿರಬೇಕಲ್ಲ! ನಾರ್ಬರ್ಟನ ಬಲಗಾಲು ಹೆದರಿ ಮರಗಟ್ಟಿ ಆಕ್ಸಿಲರೇಟರಿನಿಂದ ತಾನಾಗಿ ಜಾರಿತ್ತು. ವ್ಯಾನು ಮೆಲ್ಲಗಾಯಿತು. ಟ್ರೇಲರು ಎರಡು ಸಲ ತೂಗಿ ನೆಟ್ಟಗಾಯಿತು.

ಆಚೆ ದಡದಲ್ಲಿ ಸೇತುವೆಯ ಕಾವಲಿನವನೊಬ್ಬ ಕಿಟಕಿಗೆ ಬಗ್ಗಿದ. “ನಿಮ್ಮ ಹಿಂದೇನೇ ಬರ್ತಿದ್ದೆ ಸ್ವಾಮಿ. ಎಲ್ರೂ ಗಾಬ್ರಿಯಾಗಿ ಬ್ರೇಕ್ ಒತ್ತಿ ಉರುಳಿ ಬೀಳ್ತಾರೆ. ನೀವು ಒತ್ತಲಿಲ್ಲ ನೋಡಿ! ಅನುಭವ ಅಂದ್ರೆ ಇದು.”

ನಾರ್ಬರ್ಟ್ ಮರಗಟ್ಟಿದ ಕಾಲನ್ನು ಎರಡೂ ಕೈಯಿಂದ ಎತ್ತಿ ಪೆಡಲಿನ ಮೇಲಿಟ್ಟ.

ಅವನಿಗಿದ್ದದ್ದು ಒಂದೇ ಸಮಾಧಾನ. ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆಯಿಂದ ಸೀದಾ ಹೊರಬೀಳುವಂಥ ಜಾಗವನ್ನು ಅವನು ಕ್ಯಾಂಪಿನಲ್ಲಿ ತಿಂಗಳ ಹಿಂದೆಯೇ ಹಿಡಿದಿಟ್ಟಿದ್ದ. ರಿವರ್ಸಿನ ಮಾತೇ ಇಲ್ಲ. ಆದರೆ ಅಲ್ಲಿ ಹೋಗಿ ನೋಡಿದರೆ ಮೂವತ್ತನಾಲ್ಕು ಅಡಿಯ ಟ್ರೇಲರೊಂದು ಆ ಜಾಗದಲ್ಲಿ ಕಾಲು ಚಾಚಿ ಮಲಗಿತ್ತು. ಅದರ ನೆರಳಲ್ಲಿ ಟೊಯ್ವೊ ಕೂತಿದ್ದ.

“ಒಂದೇ ಮನೆಯವ್ರಲ್ವಾ, ಆಫೀಸಲ್ಲಿ ಹೇಳಿ ಬದ್ಲಾಯಿಸ್ಕೊಂಡೆ,” ಎಂದ ಮುದುಕ. “ನೀನು ಅಲ್ಲಿ ಹಾಕು.”

‘ಅಲ್ಲಿ’ ಎಂದರೆ ಒಂದು ಬರ್ಚ್ ಮರಕ್ಕೂ ಹಬ್ಬಕ್ಕೆ ಬಂದಿದ್ದ ಚಿಕ್ಕತ್ತೆಯ ಗುಡಾರಕ್ಕೂ ನಡುವಿನ ಸಂದಿ. ಹಿಮ್ಮುಖವಾಗಿ ತೂರಿಸದೆ ಬೇರೆ ದಾರಿಯಿಲ್ಲ. ಸುದ್ದಿ ಹೇಗೆ ಹಬ್ಬಿತೋ, ಕ್ಯಾಂಪಿನ ಜನ ಮಡಚುವ ಕುರ್ಚಿ ಹಿಡಿದುಕೊಂಡು ಬಂದು ಸಾಲಾಗಿ ಕೂತರು. ಒಬ್ಬಾಕೆ ಹುರಿದ ಕಡಲೆಕಾಯಿಯ ಡಬ್ಬಿ ತೆರೆದಳು.

“ಎಡಕ್ಕೆ, ಎಡಕ್ಕೆ!” ಎಂದ ಭಾವಮೈದ ವೈನೊ.

“ಯಾರ ಎಡ?” ಎಂದ ನಾರ್ಬರ್ಟ್.

“ನನ್ನೆಡ!”

“ಅವನ ಮಾತು ಕೇಳ್ಬೇಡ, ಬಲಕ್ಕೆ ಹೊಡಿ!” ಚಿಕ್ಕತ್ತೆ ಗುಡಾರದಿಂದ ಕಾಫಿ ಪಾತ್ರೆಯನ್ನೂ ನಾಯಿಯನ್ನೂ ಹೊರಗೆ ಸಾಗಿಸುತ್ತಾ ಕೂಗಿದಳು.

ನಾರ್ಬರ್ಟ್ ರಿವರ್ಸ್ ಗೇರು ಹಾಕಿದ. ದಿನವಿಡೀ ನಡುಗಿ ಸೋತ ತೋಳುಗಳು ಮೇಲೆ ಏಳಲೇ ಒಪ್ಪದೆ ತೊಡೆಯ ಮೇಲೆ ಬಿದ್ದವು. ಕೈಗೆ ಸಿಕ್ಕಿದ್ದು ಸ್ಟಿಯರಿಂಗಿನ ಕೆಳಗಿನ ಅಂಚು ಮಾತ್ರ. ಅದನ್ನೇ ಹಿಡಿದು ಎಡಕ್ಕೆ ಸರಿಸಿದ. ಆಶ್ಚರ್ಯ, ಟ್ರೇಲರೂ ಎಡಕ್ಕೆ ಹೋಯಿತು! ಬಲಕ್ಕೆ ಸರಿಸಿದ, ಬಲಕ್ಕೇ ಬಂತು. ಮರಕ್ಕೆ ಒಂದು ಗೇಣು, ಗುಡಾರಕ್ಕೆ ಒಂದು ಗೇಣು ಬಿಟ್ಟು ಪೆಟ್ಟಿಗೆ ಸಂದಿಯೊಳಗೆ ಒಂದೇ ಏಟಿಗೆ ಹೋಗಿ ಕೂತಿತು.

ಕುರ್ಚಿಯವರೆಲ್ಲ ಎದ್ದು ಚಪ್ಪಾಳೆ ತಟ್ಟಿದರು. ಐಲಿ ಕಿಟಕಿಯೊಳಗೆ ತಲೆ ತೂರಿಸಿ ಮುತ್ತು ಕೊಟ್ಟಳು. ಟೊಯ್ವೊ ಮಾತ್ರ ಗಡ್ಡ ಕೆರೆಯುತ್ತಾ ನಿಂತಿದ್ದ.

“ನೀನು ಈ ಕಡೆ ಬಾ,” ಎಂದು ಅಳಿಯನನ್ನು ತನ್ನ ದೊಡ್ಡ ಟ್ರೇಲರಿನ ಮರೆಗೆ ಕರೆದೊಯ್ದ. ಬೈಗುಳ ಗ್ಯಾರಂಟಿ ಎಂದುಕೊಂಡು ನಾರ್ಬರ್ಟ್ ಹೋದ.

ಮುದುಕ ಅತ್ತಿತ್ತ ನೋಡಿ ದನಿ ತಗ್ಗಿಸಿದ. “ಕೆಳಗೆ ಹಿಡಿದು ತಿರುಗ್ಸಿದೆ. ಕಂಡೆ. ಅದು ಹಳೇ ಡ್ರೈವರುಗಳ ಪಟ್ಟು. ನಿನಗ್ಯಾರು ಹೇಳಿಕೊಟ್ರು?”

“ಯಾರೂ ಇಲ್ಲ ಮಾವ. ಅದು ಏನಾಯ್ತು ಅಂದ್ರೆ...”

“ನಾನೊಂದು ಹೇಳ್ತೀನಿ, ಯಾರ ಹತ್ರಾನೂ ಬಾಯಿ ಬಿಡಬೇಡ. ಎರಡು ವರ್ಷದಿಂದ ನನಗೆ ಕನ್ನಡೀಲಿ ಒಂದು ಮರ ಎರಡಾಗಿ ಕಾಣತ್ತೆ. ರಿವರ್ಸ್ ಅಂದ್ರೆ ಕೈ ನಡುಗತ್ತೆ. ಅದಕ್ಕೇ ಬೆಳಕು ಹರಿಯೋಕೆ ಮುಂಚೆ ಬಂದು ನಿನ್ನ ಜಾಗ ಕಿತ್ಕೊಂಡೆ. ಭಯ ಕಣಪ್ಪಾ, ಭಯ.”

ನಾರ್ಬರ್ಟ್ ‘ನನಗೂ ಹಾಗೇ ಮಾವ’ ಎಂದು ಇನ್ನೇನು ಹೇಳಬೇಕು, ಅಷ್ಟರಲ್ಲಿ ಮುದುಕ ಅವನ ಅಂಗೈ ಬಿಡಿಸಿ ತನ್ನ ಗಾಡಿಯ ಕೀಲಿಗೊಂಚಲು ಇಟ್ಟು ಮುಚ್ಚಿದ.

“ಇನ್ಮೇಲೆ ಇದು ನಿನ್ನ ಜವಾಬ್ದಾರಿ. ಅಕ್ಟೋಬರಲ್ಲಿ ನನ್ನ ಈ ಟ್ರೇಲರನ್ನ ಚಳಿಗಾಲಕ್ಕೆ ಅರಿಜೋನಾಕ್ಕೆ ನೀನೇ ಎಳ್ಕೊಂಡು ಹೋಗೋನು. ನಾನು ಪಕ್ಕದಲ್ಲಿ ಕೂತಿರ್ತೀನಿ. ನಿನ್ನ ಬಿಟ್ರೆ ಈ ಮನೇಲಿ ಗಟ್ಟಿಗ ಇನ್ನೊಬ್ಬನಿಲ್ಲ.”

ಆಗಲ್ಲ ಎನ್ನಬೇಕೆಂದು ನಾರ್ಬರ್ಟ್ ತಲೆಯೆತ್ತಿದ. ಮುದುಕನ ಕಣ್ಣಂಚು ಒದ್ದೆಯಾಗಿತ್ತು.

“ಆ... ಆಗಲಿ ಮಾವ. ದಾರಿ... ಸಮತಟ್ಟಾಗಿರುತ್ತಾ?”

“ಕೊಲೊರಾಡೋವರೆಗೂ ಮೇಜಿನ ಥರ ಇರತ್ತೆ,” ಎಂದು ಟೊಯ್ವೊ ಅವನ ಬೆನ್ನು ಚಪ್ಪರಿಸಿದ. “ಆಮೇಲೆ ಬೆಟ್ಟ. ಅಲ್ಲೂ ಹೆದರೋದೇನಿಲ್ಲ. ಇಳಿಜಾರಲ್ಲಿ ಬ್ರೇಕ್ ಹೋದವರು ನುಗ್ಗಲಿ ಅಂತಾನೇ ಪಕ್ಕದಲ್ಲಿ ಜಲ್ಲಿ ಸುರಿದ ದಾರಿ ಮಾಡಿಟ್ಟಿದಾರೆ. ಭಾಳ ಒಳ್ಳೇ ವ್ಯವಸ್ಥೆ. ನಾನು ಎರಡು ಸಲ ನುಗ್ಗಿದೀನಿ.”