ಮಾಸ್ತರ ಮಂದಿಗೆ ಚದುರಂಗ ಕಲಿಸಿದ್ದು

ಶಿಕ್ಷಕರಿಗೆ ಏನಾದರೂ ಕಲಿಸಲು ಹೋದವರು ಯಾರೂ ಹೋದ ಹಾಗೇ ಮರಳಿ ಬಂದಿಲ್ಲ. ನಾನಂತೂ ಪ್ರತಿ ಸಲ ಏನಾದರೊಂದು ಪೇಚಿಗೆ ಸಿಕ್ಕು, ಮುಖ ಒರೆಸಿಕೊಂಡೇ ಮನೆ ಸೇರಿದ್ದೇನೆ.

ನಾನು ವಿಜಯಪುರದ ಜಲನಗರದವಳು, ಹೈಸ್ಕೂಲಿನಲ್ಲಿ ಗಣಿತ ಹೇಳುತ್ತೇನೆ. ಕಾಲೇಜಿನಲ್ಲಿದ್ದಾಗ ಚದುರಂಗ ಆಡಿ ಒಂದು ಸ್ಟೀಲಿನ ಡಬ್ಬಿ ಗೆದ್ದಿದ್ದೆ. ಆ ಸುದ್ದಿಯನ್ನು ಯಾರೋ ಪುಣ್ಯಾತ್ಮರು ಮೇಲಿನವರ ಕಿವಿಗೆ ಹಾಕಿದರು. ಚದುರಂಗ ಇಟ್ಟುಕೊಂಡು ಗಣಿತ, ಭಾಷೆ, ವಿಚಾರ ಮಾಡುವ ಬಗೆ ಎಲ್ಲವನ್ನೂ ಕಲಿಸಬಹುದು, ಹೇಗೆಂದು ಶಿಕ್ಷಕರಿಗೆ ತರಬೇತಿ ಕೊಡಿ ಎಂದು ಆದೇಶ ಬಂತು. ಅಂದಿನಿಂದ ಸ್ಕೂಟರಿನ ಮುಂದೆ ಹಲಗೆ-ಕಾಯಿಗಳ ಚೀಲ ಇಟ್ಟುಕೊಂಡು ವಿಜಯಪುರ, ತಿಕೋಟಾ, ಬಬಲೇಶ್ವರ ಅಂತ ತಿರುಗುತ್ತಿದ್ದೇನೆ. ಚೀಲದೊಳಗಿನ ಕಾಯಿಗಳು ಗಲಗಲ ಅನ್ನುವುದನ್ನು ಕೇಳಿ ಇಟ್ಟಂಗಿಹಾಳದ ಹತ್ತಿರ ಒಬ್ಬ ಅಜ್ಜಿ ನನ್ನನ್ನು ಬಳೆಗಾರ್ತಿಯೆಂದು ತಿಳಿದು, "ನಿಂದ್ರಬೇ, ಹಸರ ಬಳಿ ಅದಾವೇನು?" ಎಂದು ಗಾಡಿ ನಿಲ್ಲಿಸಿದ್ದೂ ಉಂಟು.

ರಾಜನಿಗಿಂತ ಜೋರು

ಮೊದಲ ತರಬೇತಿ ವಿಜಯಪುರದಲ್ಲೇ. ಹಲಗೆಯ ಮೇಲೆ ಕಾಯಿ ಇಟ್ಟು ಹೇಳಿದೆ: "ರಾಜ ಒಮ್ಮೆಗೆ ಒಂದ ಮನಿ ಸರೀತಾನ್ರಿ. ಮಂತ್ರಿ ಯಾವ ದಿಕ್ಕಿಗೆ ಬೇಕಾದ್ರೂ, ಎಷ್ಟು ದೂರ ಬೇಕಾದ್ರೂ ಹೋಗ್ತಾನ."

ಹಿಂದಿನ ಬೆಂಚಿನಿಂದ ಒಬ್ಬ ಹಿರಿಯ ಮಾಸ್ತರರು ಎದ್ದು ನಿಂತರು. ನಿವೃತ್ತಿಗೆ ಹತ್ತಿರ ಬಂದವರು, ಇತಿಹಾಸ ಹೇಳುವವರು.

"ಮೇಡಂ, ಇದು ತಪ್ಪೈತ್ರಿ. ರಾಜ ಅಂದಮ್ಯಾಲೆ ಎಲ್ಲಾ ಅಧಿಕಾರ ಅವಂದ. ಮಂತ್ರಿದು ಹೆಚ್ಚು ಅಂದ್ರ ಹುಡುಗರು ನಂಬೂದಿಲ್ಲ."

ಅವರ ಪಕ್ಕದಲ್ಲಿದ್ದ ಬಾಯಿಯವರು (ನಮ್ಮ ಕಡೆ ಶಿಕ್ಷಕಿಗೆ ಹೀಗೇ ಅನ್ನುವುದು) ನನಗಿಂತ ಮೊದಲೇ ಕೇಳಿದರು, "ಸರ, ನಿಮ್ಮ ಸಾಲ್ಯಾಗ ರಜಾ ಬೇಕಾದ್ರ ಯಾರನ್ನ ಕೇಳ್ತೀರಿ?"

"ಕ್ಲಾರ್ಕನ್ನ."

"ಮತ್ತ ಹೆಡ್‌ಮಾಸ್ತರ್ರನ್ನ?"

"ಅವರಿಗೆ ರಜಾ ಬೇಕಾದ್ರ ಅವರೂ ಕ್ಲಾರ್ಕನ್ನ ಕೇಳ್ತಾರ."

ಹೇಳಿದ ಮೇಲೆ ಮಾಸ್ತರರು ಕೂತು ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡರು. ಸಂಜೆ ಅವರ ಆಟ ನೋಡಲು ಹೋದಾಗ ತಲೆಯ ಮೇಲೆ ಕೈ ಹೊತ್ತು ಕೂತಿದ್ದರು.

"ಏನಾತ್ರಿ ಸರ?"

"ಮುಗೀತ್ರಿ ಮೇಡಂ. ರಾಜ ಅದಾನ, ಆನಿ ಅದಾವು, ಕುದರಿ ಅದಾವು. ಆದ್ರ ಕ್ಲಾರ್ಕ್ ಹೋದ. ಇನ್ನ ಸಾಲಿ ನಡಿಯೂದಿಲ್ಲ."

ತಿಕೋಟಾದ ಮಣೂಕ

ತಿಕೋಟಾದ ತರಬೇತಿಗೆ ಹೋಗಿ ಚೀಲ ಬಿಚ್ಚಿದರೆ ಪ್ಯಾದೆಗಳ ಡಬ್ಬಿಯೇ ಇಲ್ಲ, ಮನೆಯಲ್ಲಿ ಮರೆತು ಬಂದಿದ್ದೆ. ಚದುರಂಗದಲ್ಲಿ ಪ್ಯಾದೆ ಎಂದರೆ ಸಾಮಾನ್ಯ ಸೈನಿಕ, ಒಬ್ಬೊಬ್ಬರಿಗೆ ಎಂಟೆಂಟು ಬೇಕು. ಏನು ಮಾಡಲಿ ಎಂದು ನಿಂತಾಗ ದ್ರಾಕ್ಷಿ ತೋಟವಿದ್ದ ಒಬ್ಬ ಮಾಸ್ತರರು ಧೈರ್ಯ ಕೊಟ್ಟರು.

"ಚಿಂತಿ ಬ್ಯಾಡ್ರಿ. ಮನ್ಯಾಗ ಮಣೂಕ ಅದಾವು. ಹಸರೂ ಅದಾವು, ಕರೀವೂ ಅದಾವು."

ಐದು ನಿಮಿಷದಲ್ಲಿ ಎರಡು ಡಬ್ಬಿ ಒಣದ್ರಾಕ್ಷಿ ಬಂದವು. ಹಸಿರು ಮಣೂಕ ಬಿಳಿ ಪ್ಯಾದೆ, ಕಪ್ಪು ಮಣೂಕ ಕರಿ ಪ್ಯಾದೆ. ಆಟಕ್ಕೆ ಹುರುಪು ಬರಲೆಂದು ನಾನೇ ಒಂದು ನಿಯಮ ಮಾಡಿದೆ: ಹೊಡೆದ ಪ್ಯಾದೆಯನ್ನು ಹೊಡೆದವರು ತಿನ್ನಬಹುದು.

ಅಂಥ ರಭಸದ ಆಟವನ್ನು ನಾನು ಜನ್ಮದಲ್ಲಿ ನೋಡಿಲ್ಲ. ಮಂತ್ರಿ ಹೋದರೂ ಚಿಂತೆಯಿಲ್ಲ, ಮಣೂಕ ಸಿಕ್ಕರೆ ಸಾಕು. ಅಡ್ಡಾಡಿ ನೋಡುತ್ತ ಒಂದು ಹಲಗೆಯ ಮುಂದೆ ನಿಂತೆ. ಒಬ್ಬ ದೈಹಿಕ ಶಿಕ್ಷಕರ ಪ್ಯಾದೆ ಒಂದೂ ಉಳಿದಿಲ್ಲ. ಎದುರಿನವರನ್ನು ನೋಡಿದರೆ ಅವರು ಇನ್ನೂ ಎರಡನೇ ನಡೆಯ ವಿಚಾರದಲ್ಲಿದ್ದಾರೆ.

"ಸರ, ನಿಮ್ಮ ಪ್ಯಾದೆ ಎಲ್ಲಿ ಹೋದವ್ರಿ?"

ದೈಹಿಕ ಶಿಕ್ಷಕರು ಬಾಯಲ್ಲಿದ್ದುದನ್ನು ನುಂಗಿ ಹೇಳಿದರು: "ದೊಡ್ಡ ಆಟಗಾರರು ತಮ್ಮ ಕಾಯಿ ತಾವ ತ್ಯಾಗ ಮಾಡ್ತಾರ ಅಂತ ಮುಂಜಾನೆ ನೀವ ಹೇಳಿದ್ರಲ್ರೀ. ಮಾಡೇನಿ."

ಡಿ-ಐದು

ಹಲಗೆಯ ಪ್ರತಿ ಮನೆಗೂ ಒಂದು ಹೆಸರಿದೆ. ಉದ್ದ ಸಾಲುಗಳಿಗೆ ಎ, ಬಿ, ಸಿ ಅಂತ ಎಚ್‌ವರೆಗೆ, ಅಡ್ಡ ಸಾಲುಗಳಿಗೆ ಒಂದರಿಂದ ಎಂಟು. ಇದನ್ನು ಕಲಿತ ಮಕ್ಕಳಿಗೆ ಮುಂದೆ ನಕ್ಷೆ, ರೇಖಾಗಣಿತ ಸುಲಭ ಎಂದು ಹೇಳಿದ್ದೆ. ತೊರವಿಯ ಕಡೆಯ ಒಬ್ಬ ಮಾಸ್ತರರು ಮರುದಿನವೇ ತರಗತಿಯ ನೆಲಕ್ಕೆಲ್ಲ ಸುಣ್ಣದ ಗೆರೆ ಎಳೆದು, ಮಕ್ಕಳನ್ನು ಮನೆಗೊಬ್ಬರಂತೆ ಕೂಡಿಸಿ, ಹಾಜರಿಯನ್ನೂ ಮನೆಯ ಹೆಸರಿನಿಂದಲೇ ಕೂಗಲು ಶುರು ಮಾಡಿದರು.

ನಾನು ಪಾಠ ನೋಡಲು ಹೋದ ದಿನವೇ ಒಬ್ಬ ತಾಯಿ ಸೆರಗು ಸಿಕ್ಕಿಸಿಕೊಂಡು ಬಾಗಿಲಿಗೆ ಬಂದಳು.

"ಮಾಸ್ತರ್ರ, ನನ್ನ ಮಗಳಿಗೆ ತೊಟ್ಟಲದಾಗ ಹಾಕಿ ಚಂದನ್ನ ಹೆಸರಿಟ್ಟೇವಿ. ಈಗ ಆ ಹೆಸರಲೆ ಕರದ್ರ ಓ ಅನ್ನೂದಿಲ್ಲ. ಡಿ-ಐದು ಅಂದ್ರ ಓಡಿ ಬರ್ತಾಳ. ಆಕಿ ಏನು ಬಸ್ಸಿನ ಸೀಟೇನ್ರಿ?"

ಮಾಸ್ತರರು ನನ್ನ ಮುಖ ನೋಡಿದರು, ನಾನು ಕಿಟಕಿ ನೋಡಿದೆ. ಕೊನೆಗೆ ಅವರೇ ಸಾವರಿಸಿಕೊಂಡು, "ಅಕ್ಕಾರ, ಡಿ-ಐದು ಅಂದ್ರ ನಟ್ಟನಡುವಿನ ಮನಿ. ಇಡೀ ಆಟದಾಗ ಭಾಳ ಕಿಮ್ಮತ್ತಿನ ಜಾಗಾ. ಅದನ್ನ ಹಿಡದವರ ಗೆಲ್ಲೂದು," ಎಂದರು.

ತಾಯಿಯ ಸಿಟ್ಟು ಇಳಿಯಿತು. "ಹಂಗಾರ ಇರ್ಲಿ ಬಿಡ್ರಿ," ಎಂದು ಹೊರಟವಳು ಬಾಗಿಲಲ್ಲಿ ತಿರುಗಿ ನಿಂತಳು. "ನಮ್ಮ ಮೈದುನನ ಹೇಣ್ತಿ ಅದಾಳಲ್ರಿ, ನಮ್ಮ ನೆಗೆಣ್ಣಿ, ಆಕಿ ಮಗಳು ಎಲ್ಲಿ ಕುಂಡರ್ತಾಳ್ರಿ?"

"ಎ-ಒಂದು. ಮೂಲ್ಯಾಗ."

ಅವಳ ಮುಖ ಅರಳಿತು. "ಆಕಿನ್ನ ಅಲ್ಲೇ ಇಡ್ರಿ, ಸರ."

ಅಂಗಳದ ಆಟ

ಬಬಲೇಶ್ವರದಲ್ಲಿ ಶಾಲೆಯ ಅಂಗಳದಲ್ಲಿ ದೊಡ್ಡ ಹಲಗೆ ಬರೆದು ಶಿಕ್ಷಕರನ್ನೇ ಕಾಯಿ ಮಾಡಿ ನಿಲ್ಲಿಸಿದೆ. ಇಬ್ಬರು ಬಾಯಿಯವರನ್ನು ಮಂತ್ರಿ ಮಾಡಿದೆ, ಒಬ್ಬರು ಬಿಳಿ, ಇನ್ನೊಬ್ಬರು ಕರಿ. ಸ್ಟಾಫ್ ರೂಮಿನಲ್ಲಿ ಫ್ಯಾನಿನ ಕೆಳಗಿನ ಕುರ್ಚಿಯ ಸಲುವಾಗಿ ಜಗಳಾಡಿ ಅವರಿಬ್ಬರೂ ಎರಡು ವರ್ಷದಿಂದ ಮಾತು ಬಿಟ್ಟಿದ್ದಾರೆಂದು ನನಗೇನು ಗೊತ್ತು?

ಬಿಳಿ ಮಂತ್ರಿ ಕರಿ ಮಂತ್ರಿಯನ್ನು ಹೊಡೆಯುವ ಹೊತ್ತು ಬಂತು. "ನಾ ಆಕಿ ಹಂತ್ಯಾಕ ಹೋಗೂದಿಲ್ರಿ," ಎಂದರು ಬಿಳಿಯವರು. ಅವರ ಕಡೆಯವರೆಲ್ಲ ಗದ್ದಲ ಮಾಡಿದರು. ಕೊನೆಗೆ ಹೋಗಿ ಎದುರಿಗೆ ನಿಂತರು.

"ನಡೀರಿ," ಎಂದರು.

"ಎಲ್ಲಿಗ್ರಿ?" ಎಂದರು ಕರಿಯವರು.

"ಬೇವಿನ ಗಿಡದ ನೆರಳಿಗೆ. ಈ ಬಿಸಲಾಗ ನಿಂತು ಸಾಯ್ತೀರೇನು?"

ಕರಿಯವರು ನೆರಳಿಗೆ ಹೋದರು. ಮರುನಡೆಗೇ ಕರಿ ಕುದುರೆ ಬಿಳಿ ಮಂತ್ರಿಯನ್ನು ಹೊಡೆಯಿತು, ಅವರೂ ನೆರಳಿಗೇ ಬಂದರು. ಆಮೇಲೆ ಆ ಗಿಡದ ಕೆಳಗಿನ ಮಾತಿಗೆ ನನ್ನ ದನಿ ಯಾರಿಗೂ ಕೇಳಿಸದಾಯಿತು. ಸ್ವಲ್ಪ ಮೆಲ್ಲಗೆ ಎಂದು ಕೈಮುಗಿದೆ.

"ಎರಡು ವರ್ಷದ ಮಾತು ಕೂಡ್ಯಾವ್ರಿ ಮೇಡಂ," ಎಂದರು ಇಬ್ಬರೂ ಒಟ್ಟಿಗೇ. "ನೀವು ನಿಮ್ಮ ಆಟ ನಡಸ್ರಿ."

ಸಾಹೇಬರ ಪೆನ್ನು

ಇದು ಬಬಲೇಶ್ವರದ ಕಡೆಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ನಡೆದದ್ದು. ಅಲ್ಲಿನ ಕನ್ನಡ ಬಾಯಿಯವರು ನನ್ನ ಬಳಿ ತರಬೇತಿ ಪಡೆದವರು. ವೇಳಾಪಟ್ಟಿಯಲ್ಲಿ ಚದುರಂಗಕ್ಕೆ ಒಂದು ತಾಸು ಕೇಳಿ ಪತ್ರ ಬರೆದಿದ್ದರು. ಅದನ್ನು ಒಪ್ಪಬೇಕೋ ಬೇಡವೋ ನೋಡಲು ಇಲಾಖೆಯ ಒಬ್ಬ ಸಾಹೇಬರು ಬಂದರು. ಅವರು ಒಪ್ಪದಿದ್ದರೆ ಉಳಿದ ಶಾಲೆಗಳಲ್ಲೂ ನಮ್ಮ ಕೆಲಸ ಮುಗಿದ ಹಾಗೆ. ನಾನೂ ಅಂದು ಹೋಗಿ ಬಾಗಿಲ ಬಳಿ ನಿಂತಿದ್ದೆ.

ಏಳನೆಯ ತರಗತಿಯ ಹುಡುಗಿಯರು ಆಡುತ್ತಿದ್ದರು. ಸಾಹೇಬರು ಒಂದು ಸುತ್ತು ಹಾಕಿ ಮೇಜಿನ ಮುಂದೆ ಕೂತರು. "ಆಟ ಆಡಕೋತ ಕುಂತ್ರ ಪಾಠ ಯಾವಾಗ?" ಎಂದರು. ಪತ್ರ ಓದಿದರು. ಪೆನ್ನು ಕೈಗೆತ್ತಿಕೊಂಡರು. ಹುಬ್ಬು ಗಂಟಿಕ್ಕಿ ಮತ್ತೆ ಕೆಳಗಿಟ್ಟರು.

ಮುಂದಿನ ಸಾಲಿನ ಎರಡು ಜಡೆಯ ಹುಡುಗಿ ಪಟ್ಟನೆ ಎದ್ದು ನಿಂತಳು. "ಸರ, ಮುಟ್ಟೀರಿ!"

"ಏನು?"

"ಪೆನ್ ಮುಟ್ಟೀರಿ. ಚದುರಂಗದಾಗ ಮುಟ್ಟಿದ ಕಾಯಿ ನಡಸಾಕ ಬೇಕ್ರಿ. ಇಲ್ಲಂದ್ರ ಆಟ ಅಲ್ರಿ."

ಇಡೀ ತರಗತಿ ಹೌದ್ರಿ ಸರ, ಹೌದ್ರಿ ಸರ ಎಂದಿತು. ಹೆಡ್‌ಮಾಸ್ತರರು ಕೂತುಕೋ ಎಂದು ಹುಡುಗಿಗೆ ಕೈಸನ್ನೆ ಮಾಡಿದರು. ಕನ್ನಡ ಬಾಯಿಯವರು ಗೋಡೆಗೆ ಅಂಟಿಕೊಂಡರು. ಆದರೆ ಸಾಹೇಬರೂ ಕಾಲೇಜಿನಲ್ಲಿ ಚದುರಂಗ ಆಡಿದವರಂತೆ. ಮುಗುಳ್ನಕ್ಕು, "ನಾ ನಡಸಾಕ ಮುಟ್ಟಿಲ್ಲವ್ವಾ. ಬರೇ ಸರಿ ಮಾಡಿ ಇಟ್ಟೆ. ವಾರೀ ಇದ್ದ ಕಾಯಿ ಸರಿ ಮಾಡಾಕ ಮುಟ್ಟಬಹುದು, ಅದೂ ನಿಯಮ ಐತಿ," ಎಂದರು.

"ಐತ್ರಿ ಸರ," ಎಂದಳು ಹುಡುಗಿ. "ಆದ್ರ ಸರಿ ಮಾಡಾಕತ್ತೇನಿ ಅಂತ ಮುಟ್ಟೂಕಿಂತ ಮೊದಲ ಹೇಳಬೇಕ್ರಿ. ನೀವು ಮುಟ್ಟಿದ ಮ್ಯಾಲೆ ಹೇಳೀರಿ."

ಸಾಹೇಬರು ಅವಳನ್ನು ನೋಡಿದರು, ನನ್ನನ್ನು ನೋಡಿದರು, ಪೆನ್ನನ್ನು ನೋಡಿದರು. ಆಮೇಲೆ ಜೋರಾಗಿ ನಕ್ಕು, ಪೆನ್ನು ಎತ್ತಿ ಸಹಿ ಹಾಕಿಬಿಟ್ಟರು.

ಇಷ್ಟರಲ್ಲಿ ಹೆಡ್‌ಮಾಸ್ತರರಿಗೆ ಎಲ್ಲಿಂದ ಧೈರ್ಯ ಬಂತೋ, ಕಪಾಟಿನಿಂದ ಇನ್ನೊಂದು ಕಾಗದ ತೆಗೆದು ಮೆಲ್ಲಗೆ ಸಾಹೇಬರ ಕೈಯ ಕೆಳಗೆ ಸರಿಸಿದರು. ಎರಡು ಹೊಸ ಕೋಣೆ ಬೇಕೆಂಬ ಅರ್ಜಿ.

ಸಾಹೇಬರು ತಟ್ಟನೆ ಎರಡೂ ಕೈ ಮೇಲೆತ್ತಿದರು. ಎದ್ದು ನಿಂತು ತರಗತಿಯ ಕಡೆ ತಿರುಗಿ, ಹಿಂದಿನ ಸಾಲಿಗೂ ಕೇಳುವಂತೆ ಕೂಗಿದರು: "ಎಲ್ಲಾರೂ ಕೇಳ್ರಿ! ನಾ ಬರೇ ಸರಿ ಮಾಡಾಕತ್ತೇನಿ!"

ಕೂಗಿದ ಮೇಲೆಯೇ ಒಂದು ಬೆರಳಿನಿಂದ ಆ ಅರ್ಜಿಯನ್ನು ಹೆಡ್‌ಮಾಸ್ತರರ ಕಡೆ ತಳ್ಳಿ, ಎರಡು ಜಡೆಯ ಹುಡುಗಿಯ ಮುಖ ನೋಡಿದರು.

ಅವಳು ಸ್ವಲ್ಪ ವಿಚಾರ ಮಾಡಿ ತಲೆಯಾಡಿಸಿದಳು. "ಈಗ ನಡೀತೈತ್ರಿ ಸರ."