ಹಂಚಿಗೆ ನಾನು ಮಾಡಿದ ಉಪಕಾರ

ನಮ್ಮ ಸೋದರತ್ತೆಗೆ ಇಬ್ಬರು ಮಕ್ಕಳು: ತವರಿನಿಂದ ತಂದ ಬೀಡುಕಬ್ಬಿಣದ ರೊಟ್ಟಿ ಹಂಚು ಒಂದು, ಸಾಕಿದ ನಾನು ಇನ್ನೊಂದು. ಹೆಚ್ಚು ಮುದ್ದು ಯಾರೆಂದು ದಯವಿಟ್ಟು ಕೇಳಬೇಡಿ!

ಕಾಲುವೆ ಸರ್ವೆಯ ಕೆಲಸ ಸಿಕ್ಕಿ ಬಳ್ಳಾರಿ ಬಿಡುವಾಗ, ಡೇರೆಯ ಊಟ ಹೊಟ್ಟೆಗೆ ಒಗ್ಗದಿದ್ದರೆ ಏನು ಗತಿ ಎಂದು ನಾನು ಗೊಣಗಿದ್ದೇ ತಪ್ಪಾಯಿತು. ಅತ್ತೆ ಹಂಚು ಎತ್ತಿಕೊಂಡು ಬಸ್ಸು ಹತ್ತಿಯೇಬಿಟ್ಟರು.

"ಅಮ್ಮಾ, ಅದನ್ನ ಟಾಪಿನ ಮ್ಯಾಲ ಹಾಕ್ರಿ," ಎಂದ ಕಂಡಕ್ಟರ್.

"ನಿಮ್ಮವ್ವನ್ನ ಟಾಪಿನ ಮ್ಯಾಲ ಕುಂದರಿಸ್ತಿಯೇನೋ?"

ಕುರುಗೋಡಿನ ಕ್ಯಾಂಪಿನವರೆಗೆ ಹಂಚು ಅತ್ತೆಯ ತೊಡೆಯ ಮೇಲೆ, ಅತ್ತೆಯ ಗಂಟು ನನ್ನ ತಲೆಯ ಮೇಲೆ!

ಡೇರೆಯಲ್ಲಿ ಹಂಚಿನ ಉಪಚಾರ ನೋಡಬೇಕಿತ್ತು. ಅದು ತಾನಾಗಿ ಆರಬೇಕು. ಬಿಸಿಯಿದ್ದಾಗ ನೀರು ಸೋಕಿದರೆ ಬಿರುಕು. ಆರಿದ ಮೇಲೆ ಒರೆಸಿ, ಕುಸುಬಿ ಎಣ್ಣೆ ಸವರಿ, ಹಳೆ ಸೀರೆಯ ತುಂಡಿನಲ್ಲಿ ಸುತ್ತಿ ಜೋಳದ ಚೀಲದ ಮೇಲೆ ಮಲಗಿಸಬೇಕು. (ನಾನು ಮಲಗುತ್ತಿದ್ದುದು ನೆಲದ ಮೇಲೆ.) ಒಮ್ಮೆ ಊಟಕ್ಕೆ ಬಂದ ನಮ್ಮ ಸಾಹೇಬರು, "ಇದನ್ನು ತೊಳೆಯುವುದೇ ಇಲ್ಲವೇನಮ್ಮಾ?" ಎಂದು ಹುಬ್ಬೇರಿಸಿದರು.

"ನಿಮ್ಮ ತಲಿಮ್ಯಾಲಿನ ಟೊಪಿಗಿ ದಿನಾ ತೊಳೀತೀರೇನ್ರಿ?"

ಸಾಹೇಬರು ಟೊಪ್ಪಿಗೆ ತೆಗೆದಿಟ್ಟು ಇನ್ನೆರಡು ರೊಟ್ಟಿ ತಿಂದರು. ಇಡೀ ಕ್ಯಾಂಪಿನಲ್ಲಿ ಅಂಥ ಅತ್ತೆ ಇದ್ದದ್ದು ನನಗೊಬ್ಬನಿಗೇ! ಅಂದು ಎದೆಯುಬ್ಬಿ ನನ್ನ ಅಂಗಿಯ ಗುಂಡಿ ಹಾರದೆ ಉಳಿದದ್ದೇ ಹೆಚ್ಚು.

ಸಿರುಗುಪ್ಪಕ್ಕೆ ಹೊರಡಲು ಡೇರೆ ಕೀಳುವ ದಿನ, ಅತ್ತೆ ನೀರಿಗೆ ಹೋದಾಗ, ನಾನು ಸಹಾಯಕ್ಕಿಳಿದೆ. ನನಗೆ ಗೊತ್ತಿದ್ದದ್ದು ಹಿತ್ತಾಳೆ ತಂಬಿಗೆ ಬೆಳಗುವ ವಿದ್ಯೆಯೊಂದೇ: ಹುಣಸೆಹಣ್ಣು, ಬೂದಿ. ಕರಿ ಹೋಗುವವರೆಗೂ ಹಂಚು ತಿಕ್ಕಿದೆ! ಹಸಿಹಸಿಯಾಗಿಯೇ ಸುತ್ತಿ ಗಾಡಿಗೆ ಹಾಕಿದೆ. ಸಿರುಗುಪ್ಪದಲ್ಲಿ ಬಿಚ್ಚಿದರೆ, ಮೈತುಂಬ ಕೆಂಪು ತುಕ್ಕು.

ಅತ್ತೆ ಬೈಯಲಿಲ್ಲ. ಅದಕ್ಕೇ ನನಗೆ ಜೀವ ಹಾರಿತು!

"ಲೇ ತಮ್ಮಾ, ಇದನ್ನ ಪಳಗಿಸಾಕ ನಮ್ಮವ್ವಗ ಹತ್ತು ವರ್ಸ ಹಿಡದಿತ್ತು," ಎಂದಷ್ಟೇ ಹೇಳಿ, ತುಕ್ಕು ಉಜ್ಜಿ, ಹಂಚು ಒಲೆಗಿಟ್ಟು, ಅರ್ಧ ಉಳ್ಳಾಗಡ್ಡಿಯನ್ನು ಎಣ್ಣೆಯಲ್ಲಿ ಅದ್ದಿ ಸವರುತ್ತ ಕುಳಿತರು.

ಮರುದಿನ ನನ್ನ ತಟ್ಟೆಗೆ ಚಂದ್ರನಂಥ ಇಡೀ ರೊಟ್ಟಿ ಬಿತ್ತು! ದಿನವೂ ಹಾಗೆಯೇ.

"ನೋಡತ್ತಿ, ಹಂಚಿಗಿ ಏನೂ ಆಗಿಲ್ಲ!" ಎಂದು ನಾನೇ ಬೀಗಿದೆ. ಅತ್ತೆ ನಕ್ಕು ಶೇಂಗಾಪುಡಿ ಬಡಿಸಿದರು.

ಎಂಟನೆಯ ದಿನ, ಮೋಡವಿಲ್ಲದಿದ್ದರೂ ಮಳೆಗೆ ಹೆದರಿ, ಮರೆತ ಕೊಡೆಗಾಗಿ ಅರ್ಧ ದಾರಿಯಿಂದ ಮರಳಿದೆ. ಅತ್ತೆ ಡೇರೆಯ ಹಿಂದೆ ಒಬ್ಬರೇ ಉಣ್ಣುತ್ತಿದ್ದರು. ತಟ್ಟೆಯ ತುಂಬ ಹಂಚಿಗೆ ಅಂಟಿ ಹರಿದ, ತುಕ್ಕಿನ ಕಲೆಯ ಚೂರುಗಳು. ಇಡೀ ರೊಟ್ಟಿ ಒಂದೂ ಇರಲಿಲ್ಲ.

ಎದುರಿಗೆ ಕುಳಿತು ಒಂದು ಚೂರಿಗೆ ಕೈ ಚಾಚಿದೆ. ಅತ್ತೆ ತಟ್ಟೆಯನ್ನು ಸರಕ್ಕನೆ ಸೆರಗಿನಡಿ ಎಳೆದುಕೊಂಡರು.

"ಬ್ಯಾಡಪಾ. ನಿನ್ನ ಹೊಟ್ಟಿಗಿ ಒಗ್ಗೂದಿಲ್ಲ."